ಕಾದಿದವನು ಮತ್ತು ಕಳಿಸಿದವನು

ಬೆಳಗಾವಿಯ ಕ್ಯಾಂಪಿನಲ್ಲಿ ಕವಾಯತಿನ ಸದ್ದು ಕೇಳಿದಾಗಲೆಲ್ಲ ನನ್ನನ್ನೊಂದು ಸಂದೇಹ ಕಾಡುತ್ತದೆ. ಮರಾಠಾ ಪಡೆಯ ಮೊದಲ ಪಲ್ಟನ್ನನ್ನು 1768ರಲ್ಲಿ ಕಟ್ಟಿದ್ದು ಈಸ್ಟ್ ಇಂಡಿಯಾ ಕಂಪನಿ. 1916ರಲ್ಲಿ ಕುತ್‌ನಲ್ಲಿ ಹಸಿದು ಸೆರೆಯಾದವರು, 1944ರಲ್ಲಿ ಇಟಲಿಯಲ್ಲಿ ಏಕಾಂಗಿಯಾಗಿ ನುಗ್ಗಿ ಮಡಿದು ವಿಕ್ಟೋರಿಯಾ ಕ್ರಾಸ್ ಗಳಿಸಿದ ಯಶವಂತ ಘಾಡಗೆ, ಇವರೆಲ್ಲ ಪರರಾಜನ ಉಪ್ಪುಂಡವರು. ಅದೇ ಪಡೆ 1971ರಲ್ಲಿ ಜಮಾಲ್‌ಪುರದಲ್ಲಿ ನಮಗಾಗಿ ಕಾದಿತು. ಹಾಗಾದರೆ ಮೊದಲಿನದು ಬಾಡಿಗೆಯ ಶೌರ್ಯವೇ?

ಖಾನಾಪುರದ ಬಸ್ಸಿನಲ್ಲಿ ನಿವೃತ್ತ ಹವಾಲ್ದಾರರೊಬ್ಬರನ್ನು ಇದನ್ನೇ ಕೇಳಿದೆ. ಅವರ ಅಜ್ಜ ಇಟಲಿಯಲ್ಲಿ ಕಾದಿದವರು. “ಮಾಸ್ತರ, ಗುಂಡು ಬರೂ ಮುಂದ ರಾಜ ಕಾಣಂಗಿಲ್ಲ, ಬಾಜೂಕ ಬಿದ್ದ ಗೆಳ್ಯಾ ಕಾಣ್ತಾನ ಅಂತಿದ್ದ ನಮ್ಮಜ್ಜ” ಎಂದರು. ನನ್ನ ಪ್ರಶ್ನೆಗೆ ನಾಚಿದೆ.

ಧೈರ್ಯ ಕಾದಿದವನದು, ಯುದ್ಧದ ನ್ಯಾಯಾನ್ಯಾಯದ ಲೆಕ್ಕವನ್ನು ಕಳಿಸಿದವನಿಂದಲೇ ಕೇಳಬೇಕು. ಈಗ ಕಳಿಸುವವರಲ್ಲಿ ಮತದಾರನಾದ ನಾನೂ ಒಬ್ಬ. ಇದು ಮಾತ್ರ ಬಸ್ಸಿಳಿದ ಮೇಲೆ ಹೊಳೆಯಿತು.