ಮನೆಮಾತೂ ವಿದ್ಯಾಪೀಠವೂ

ಕಾಳಿದಾಸನ ನಾಟಕದಲ್ಲಿ ದುಷ್ಯಂತನು ಸಂಸ್ಕೃತದಲ್ಲಿ ನುಡಿಯುವನು; ಶಕುಂತಲೆಯಾದರೋ ಪ್ರಾಕೃತದಲ್ಲಿ ಉತ್ತರವೀಯುವಳು. ಇಂದಿನ ವಿದ್ಯಾರ್ಥಿಯು ಬಹುಮಟ್ಟಿಗೆ ಆಕೆಯ ಮಾತನ್ನು ದಾಟಿ, ಅದರೊಡನೆ ಅಚ್ಚಾಗಿರುವ ಸಂಸ್ಕೃತಚ್ಛಾಯೆಯನ್ನೇ ಓದಿಕೊಂಡು ಮುಂದೆ ಸಾಗುತ್ತಾನೆ. ಪರೀಕ್ಷೆಯಲ್ಲಿ ತೇರ್ಗಡೆಯೂ ಆಗುತ್ತಾನೆ. ಶಕುಂತಲೆಯ ದನಿಯನ್ನು ಅವನು ಕೇಳಿದನೆ?

ಯುರೋಪಿನ ಯೆಹೂದ್ಯರ ಯಿಡ್ಡಿಷ್ ಭಾಷೆಯದೂ ಇದೇ ಕಥೆ. ಜರ್ಮನಿನ ಮೈ, ಹೀಬ್ರೂವಿನ ಲಿಪಿ. ಪ್ರಾರ್ಥನೆಗೂ ಶಾಸ್ತ್ರಕ್ಕೂ ಹೀಬ್ರೂ. ಅಡಿಗೆಮನೆಗೂ ಅಂಗಡಿಗೂ ಯಿಡ್ಡಿಷ್. ಅವರಲ್ಲಿಯೇ ಅನೇಕ ಪಂಡಿತರು ಅದನ್ನು ಅಪಭ್ರಷ್ಟವೆಂದು ಹಳಿದರು. 1925ರಲ್ಲಿ ವಿಲ್ನಾ ನಗರದಲ್ಲಿ ಅದರ ಅಧ್ಯಯನಕ್ಕೆಂದೇ ಒಂದು ಸಂಶೋಧನ ಸಂಸ್ಥೆಯು ನೆಲೆಗೊಂಡಿತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆ ಭಾಷೆಯನ್ನಾಡುತ್ತಿದ್ದವರು ಸುಮಾರು 1 ಕೋಟಿ 10 ಲಕ್ಷ ಜನ. ಹಿಟ್ಲರನ ಕಾಲದಲ್ಲಿ ಹತರಾದ ಸುಮಾರು 60 ಲಕ್ಷ ಯೆಹೂದ್ಯರಲ್ಲಿ ಬಹುಜನರು ಆ ಮಾತಿನವರೇ. 1978ರಲ್ಲಿ ಐಸಾಕ್ ಬಾಶೆವಿಸ್ ಸಿಂಗರ್ ಎಂಬ ಯಿಡ್ಡಿಷ್ ಕಥೆಗಾರನಿಗೆ ನೊಬೆಲ್ ಪಾರಿತೋಷಿಕವು ದೊರೆಯಿತು. ಇಂದು ಹಲವು ವಿಶ್ವವಿದ್ಯಾಲಯಗಳಲ್ಲಿ ಆ ಭಾಷೆ ಪಾಠವಾಗಿದೆ. ವಿಚಿತ್ರವೆಂದರೆ, ಮನೆಯಲ್ಲಿ ಮಕ್ಕಳೊಡನೆ ಅದನ್ನಾಡುವ ಹಸಿದಿಕ್ ಸಂಪ್ರದಾಯಸ್ಥರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತರು. ಹತ್ತುವವರಲ್ಲಿ ಅನೇಕರ ಮನೆಯಲ್ಲಿ ಅದು ಉಳಿದಿಲ್ಲ.

ಇದನ್ನು ದೂರದ ಸಂಗತಿಯೆಂದು ನವಲಿಯ ಸೀಮೆಯವರು ತಳ್ಳಿಹಾಕಲಾಗದು. ಈ ಪ್ರಾಂತವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದು. ಕನ್ನಡದ ಹುಡುಗನು ಅಲ್ಲಿಗೆ ಹೋದರೆ ಗಣಿತವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿಯೇ ಕಲಿಯಬೇಕಾಗಿತ್ತು. ಈ ಕಷ್ಟವನ್ನು ಎಲ್ಲರೂ ಬಲ್ಲರು. ಇನ್ನೊಂದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಇಲ್ಲಿನ ಮುಸಲ್ಮಾನರ ಮನೆಮಾತು ದಖನಿ. ಮರಾಠಿಯಿಂದ ಬಂದ ‘ನಕ್ಕೋ’ ಅದರ ನಾಲಗೆಯ ತುದಿಯಲ್ಲಿದೆ. ಉಸ್ಮಾನಿಯಾದ ವಿದ್ವಾಂಸ ಮೊಹಿಯುದ್ದೀನ್ ಖಾದ್ರಿ ಜೋರ್ ಅವರು ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾಹನ ದಖನಿ ಕಾವ್ಯವನ್ನು ಪರಿಶೋಧಿಸಿ ಪ್ರಕಟಿಸಿದರು. ಅದು ಮಹತ್ಕಾರ್ಯ. ಆದರೆ ಸುಲ್ತಾನನ ಪದ್ಯದಲ್ಲಿ ಭೂಷಣವಾದ ಭಾಷೆಯೇ ಹಳ್ಳಿಯ ಬಾಲಕನ ಬಾಯಲ್ಲಿ ನಗೆಪಾಟಲಾಗುವುದೇಕೆ? ಸತ್ತವರ ನುಡಿಗೆ ಮಣೆ, ಬದುಕಿರುವವರ ನುಡಿಗೆ ತಿದ್ದುಪಡಿ!

ಹಾಗೆಂದು ವಿದ್ಯಾಪೀಠದ ವ್ಯಾಸಂಗವೇ ವ್ಯರ್ಥವೆನ್ನುವುದು ದುಡುಕು. ಓದುವವರಿಲ್ಲದಿದ್ದರೆ ಓಲೆಗರಿಯಾಗಲಿ ಕಾಗದವಾಗಲಿ ಹುಳುವಿನ ಪಾಲು. ಪ್ರಶ್ನೆಯಿರುವುದು ಋಣದಲ್ಲಿ. ಪರರ ಮನೆಮಾತಿನಿಂದ ಪದವಿಯನ್ನೂ ಉದ್ಯೋಗವನ್ನೂ ಪಡೆದವನು ಆ ಮನೆಗೆ ಏನನ್ನು ಸಲ್ಲಿಸುತ್ತಾನೆ? ಗ್ರಂಥವೊಂದನ್ನು ಬರೆದು ಕೈ ತೊಳೆದುಕೊಂಡರೆ ತೀರಿತೆ? ದಖನಿಯನ್ನು ಅಭ್ಯಸಿಸಹೊರಟವನು ನವಲಿಯಂತಹ ಊರಿನಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ಅಕ್ಷರವರಿಯದ ಮುದುಕಿಯೊಬ್ಬಳು ತನ್ನ ಉಚ್ಚಾರವನ್ನು ತಿದ್ದಿದಾಗ ವಿನಯದಿಂದ ತಿದ್ದಿಕೊಂಡಾನೆ?