ಪ್ರಸಾದವೂ ಪಥ್ಯವೂ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಉಣ್ಣುವ ಕ್ರಿಯೆಯನ್ನು ಸಾಧನೆಯ ಇಷ್ಟು ಎತ್ತರಕ್ಕೇರಿಸಿದ ಶರಣಧರ್ಮದಲ್ಲಿ ಆಹಾರವು ಕೇವಲ ಹೊಟ್ಟೆಯ ವಿಷಯವಾಗಿ ಉಳಿಯುವುದಿಲ್ಲ. ಇಷ್ಟಲಿಂಗಕ್ಕೆ ಅರ್ಪಿತವಾದುದೇ ಭಕ್ತನಿಗೆ ಭೋಜ್ಯ, ಅನರ್ಪಿತವು ತ್ಯಾಜ್ಯ. ಹೀಗೆ ಪಡೆದ ಪ್ರಸಾದದಲ್ಲಿ ಒಂದು ಅಗುಳನ್ನೂ ಕೆಡಿಸಲಾಗದೆಂಬುದು ಹಿರಿಯರು ನಮಗೆ ಕಲಿಸಿದ ಮೊದಲ ಪಾಠ.

ಈ ನಿಷ್ಠೆಯಿಂದಲೇ ಇಂದು ಅನೇಕ ಸದ್ಭಕ್ತರ ಮನೆಗಳಲ್ಲಿ ಒಂದು ಧರ್ಮಸಂದೇಹವು ಹುಟ್ಟಿದೆ. ಮಧುಮೇಹವುಳ್ಳ ಗೃಹಸ್ಥನು ಜಾತ್ರೆಯ ದಾಸೋಹಕ್ಕೆ ಕುಳಿತಿರುವನು. ಎಲೆಯ ಬಳಿಗೆ ಗೋದಿಹುಗ್ಗಿ ಬರುತ್ತದೆ. ಬೇಡವೆಂದರೆ ಪ್ರಸಾದವನ್ನು ತಿರಸ್ಕರಿಸಿದ ದೋಷವೆಂಬ ಅಂಜಿಕೆ. ಉಂಡರೆ ದೇಹಕ್ಕೆ ಕೇಡು. ‘ಪ್ರಸಾದವಾದ ಮೇಲೆ ಅದು ಬಾಧಿಸದು, ಶಿವನೇ ನೋಡಿಕೊಳ್ಳುವನು’ ಎಂದು ಪಕ್ಕದವರು ಧೈರ್ಯ ಹೇಳುತ್ತಾರೆ. ಈ ಮಾತು ಭಕ್ತಿಯೋ, ಭಕ್ತಿಯ ವೇಷ ತೊಟ್ಟ ಜಿಹ್ವಾಚಾಪಲ್ಯವೋ ಎಂಬುದು ವಿಚಾರಣೀಯ.

ಪ್ರಸಾದ ಶಬ್ದಕ್ಕೆ ತಿಳಿತನ, ಪ್ರಸನ್ನತೆ ಎಂದು ಅರ್ಥ. ಅರ್ಪಣೆಯಿಂದ ಶುದ್ಧವಾಗುವುದು ಉಣ್ಣುವವನ ಭಾವ. ‘ನನ್ನದು’ ಎಂಬ ಅಹಂಕಾರವು ಅಲ್ಲಿ ಕರಗುತ್ತದೆ. ಆದರೆ ಬೆಲ್ಲದ ಗುಣವು ಬೆಲ್ಲವನ್ನು ಬಿಟ್ಟು ಹೋಗುವುದಿಲ್ಲ. ಮಧುಮೇಹಿಯ ರಕ್ತದಲ್ಲಿ ಸಕ್ಕರೆಯು ಮಿತಿಮೀರಿ ಬಹುಕಾಲ ನಿಂತರೆ ಕಣ್ಣು, ಮೂತ್ರಪಿಂಡ, ನರಗಳು ಕ್ರಮೇಣ ಕೆಡುತ್ತವೆ. ಬೆಂಕಿಯ ಸುಡುವ ಗುಣವನ್ನು ಅರಿತು ನಡೆಯುವುದು ಹೇಗೆ ಶಿವನಲ್ಲಿ ಅವಿಶ್ವಾಸವಲ್ಲವೋ, ಹಾಗೆಯೇ ಇದನ್ನು ಅರಿತು ನಡೆಯುವುದೂ ಅವಿಶ್ವಾಸವಲ್ಲ.

ಹಾಗಾದರೆ ಪ್ರಸಾದವನ್ನು ಕೆಡಿಸಬಾರದೆಂಬ ನಿಯಮದ ಗತಿಯೇನು? ಆ ನಿಯಮವೇ ಇದಕ್ಕೆ ಪರಿಹಾರವನ್ನೂ ಹೇಳುತ್ತದೆ. ಎಲೆಗೆ ಬಿದ್ದುದನ್ನು ಬಿಡಲಾಗದು ಎನ್ನುವಾಗ, ಬೀಳುವ ಮುನ್ನ ಅಳತೆಯನ್ನು ಅರಿತಿರಬೇಕೆಂಬುದೇ ಅದರ ಆಶಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿಸಲು ಹೇಳಿದರೆಂಬ ಕಥೆ ಸುಪ್ರಸಿದ್ಧ. ಅಕ್ಕಿಯು ಅಶುದ್ಧವೆಂದು ಆ ಮಹಾತಾಯಿ ಹೇಳಲಿಲ್ಲ; ಅಗತ್ಯಕ್ಕೆ ಮೀರಿದುದೆಂದರು. ಮನೆಯ ಹೊಸ್ತಿಲಲ್ಲಿ ಅವರು ತೋರಿದ ವಿವೇಕವನ್ನು ನಾವು ಎಲೆಯ ಅಂಚಿನಲ್ಲಿ ತೋರಬೇಕಾಗಿದೆ. ಕೈಮುಗಿದು ‘ಒಂದು ತುತ್ತು ಸಾಕು’ ಎನ್ನುವುದು ತಿರಸ್ಕಾರವಲ್ಲ. ಆ ತುತ್ತೂ ಸಲ್ಲದೆಂದು ವೈದ್ಯರು ಹೇಳಿದ್ದರೆ ನಮಸ್ಕರಿಸಿ ಬಿಡುವುದರಲ್ಲಿಯೂ ದೋಷವಿಲ್ಲ.

ದೇಹವು ಇಷ್ಟಲಿಂಗವನ್ನು ಧರಿಸಿದ ಪೀಠ, ಕಾಯಕದ ಸಾಧನ. ಕೈಕಾಲು ಸೋತರೆ ಕಾಯಕವು ನಿಲ್ಲುತ್ತದೆ. ಕಾಯಕ ನಿಂತರೆ ದಾಸೋಹಕ್ಕೆ ಒದಗುವುದೇನು? ಆದಕಾರಣ ನಿತ್ಯದ ಊಟವೂ ಆಚಾರದ ಒಂದು ಅಂಗವೆಂದೇ ಭಾವಿಸತಕ್ಕದ್ದು. ಹೊಟ್ಟೆಯ ಎರಡು ಪಾಲನ್ನು ಅನ್ನಕ್ಕೂ ಒಂದು ಪಾಲನ್ನು ದ್ರವಕ್ಕೂ ಕೊಟ್ಟು, ನಾಲ್ಕನೆಯದನ್ನು ವಾಯುಸಂಚಾರಕ್ಕೆ ಬರಿದಾಗಿ ಬಿಡಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು, ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವಂತಹ ಶ್ರಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 5 ಗ್ರಾಂ ಎಂದರೆ ಒಂದು ಸಣ್ಣ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಎರಡು ಹೊತ್ತೂ ಬಡಿಸುವ ಮನೆಯಲ್ಲಿ ಇದು ಮೀರಲು ತಡವಾಗದು. ಜೋಳದ ರೊಟ್ಟಿ, ರಾಗಿ, ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆಗಳು ನಮ್ಮ ಹಿರಿಯರ ನಿತ್ಯಾಹಾರವಾಗಿದ್ದವು. ಹೋಳಿಗೆ, ಹುಗ್ಗಿ, ಕಡಬುಗಳು ಹಬ್ಬಕ್ಕೆ ಮೀಸಲಾಗಿದ್ದವು. ಈಗ ದಿನದಿನವೂ ಹಬ್ಬದೂಟವಾಗಿ, ಹೊಲಕ್ಕೆ ನಡೆಯುತ್ತಿದ್ದ ಕಾಲು ಮನೆಯಲ್ಲೇ ಕುಳಿತಿದೆ. ರೊಟ್ಟಿಯಾದರೂ ಅಳತೆ ಮೀರಿದರೆ ಹಿತವಲ್ಲವೆಂಬುದನ್ನು ಮರೆಯಬಾರದು.

ಬಡಿಸುವವರಿಗೂ ಇಲ್ಲಿ ಧರ್ಮವುಂಟು. ಅತಿಥಿಯು ಸಾಕೆಂದ ಮೇಲೆ ಆಣೆಯಿಟ್ಟು ಬಡಿಸುವುದು ಉಪಚಾರದಂತೆ ಕಂಡರೂ ಹಿಂಸೆಯೇ ಸರಿ. ದಾಸೋಹವೆಂದರೆ ಎದುರಿನವರ ಅಗತ್ಯವನ್ನರಿತು ನೀಡುವುದು. ನಮ್ಮ ಔದಾರ್ಯವನ್ನು ಅವರ ಹೊಟ್ಟೆಯ ಮೇಲೆ ಹೇರುವುದಲ್ಲ. ಮಠದ ಪಂಕ್ತಿಯಲ್ಲಿ ಸಿಹಿಯನ್ನು ಕೇಳಿ ಬಡಿಸುವ ಪದ್ಧತಿ ಬಂದರೆ ಎಷ್ಟೋ ಭಕ್ತರ ಸಂಕಟ ಕಳೆದೀತು.

ಕೊನೆಯದಾಗಿ ಒಂದು ಎಚ್ಚರಿಕೆ. ಪಥ್ಯ ಮಾಡುವವನು ಅದನ್ನೇ ಹಿರಿಮೆಯೆಂದು ಬಗೆದು ರೋಗಿಯನ್ನು ಜರೆಯಬಾರದು. ವಂಶಪಾರಂಪರ್ಯದಿಂದಲೂ, ಬಡತನದಿಂದಲೂ, ವಯೋಧರ್ಮದಿಂದಲೂ ರೋಗ ಬರುತ್ತದೆ. ರೋಗವು ಪಾಪದ ಗುರುತಲ್ಲ. ದೇಹವನ್ನು ಪೂಜಿಸುವುದೂ ಬೇಡ, ಕೆಡಿಸುವುದೂ ಬೇಡ. ಹಿತವಾದುದನ್ನು ಮಿತವಾಗಿ ಲಿಂಗಕ್ಕೆ ಅರ್ಪಿಸಿ, ಪ್ರಸನ್ನಚಿತ್ತದಿಂದ ಸ್ವೀಕರಿಸಿ, ಎದ್ದು ಕಾಯಕಕ್ಕೆ ನಡೆಯುವ ಗೃಹಸ್ಥನು ಪ್ರಸಾದಿಯೆಂಬ ಹೆಸರಿಗೆ ಅರ್ಹನಾಗುವನು.