ಚಾತುರ್ಮಾಸದಲ್ಲಿ ವನವಿಹಾರ

ಮಳೆಗಾಲದ ನಾಲ್ಕು ತಿಂಗಳು ಮುನಿಗಳೂ ಆರ್ಯಿಕೆಯರೂ ವಿಹಾರವನ್ನು ನಿಲ್ಲಿಸಿ ಒಂದೇ ಊರಿನಲ್ಲಿ ನೆಲೆಸುವರು. ನೆಲ ನೆನೆದೊಡನೆ ಹಸುರು, ಹಾವಸೆ, ಹುಳು, ಇರುವೆಗಳು ಅಸಂಖ್ಯಾತವಾಗಿ ತಲೆಯೆತ್ತುವುದರಿಂದ, ಎಷ್ಟು ಎಚ್ಚರದಿಂದ ಅಡಿಯಿಟ್ಟರೂ ಹಿಂಸೆ ತಪ್ಪದೆಂಬುದೇ ಇದಕ್ಕೆ ಕಾರಣ. ಅದೇ ತಿಂಗಳುಗಳಲ್ಲಿ ಯಲಹಂಕದ ಶ್ರಾವಕ ಕುಟುಂಬವೊಂದು ಬಂಡೀಪುರ, ಕಬಿನಿಗಳ ಸಫಾರಿಗೋ, ಅನುಕೂಲವಿದ್ದರೆ ದೇವನಹಳ್ಳಿಯಲ್ಲಿ ವಿಮಾನವೇರಿ ಆಫ್ರಿಕಕ್ಕೋ ಹೊರಡುವುದು ಉಚಿತವೇ?

ಶ್ರಾವಕನದು ಅಣುವ್ರತ, ವರ್ಷಾಯೋಗದ ನಿಯಮ ಅವನನ್ನು ಕಟ್ಟಿಹಾಕದು. ಸಫಾರಿಯು ಬೇಟೆಯೂ ಅಲ್ಲ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದುದನ್ನು ಯಾವ ಜೈನನು ತಾನೇ ಸ್ವಾಗತಿಸನು?

ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ವ್ಯರ್ಥವಾಗಿ ನೆಲ ಅಗೆಯುವುದು, ಗಿಡ ಕಡಿಯುವುದು ಇವುಗಳ ಸಾಲಿನಲ್ಲಿಯೇ ನಿಷ್ಪ್ರಯೋಜನವಾಗಿ ಅಲೆಯುವುದನ್ನೂ ಅಲೆಯಿಸುವುದನ್ನೂ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಅಲ್ಲಿಗೆ ಪ್ರಶ್ನೆ ಪ್ರಯೋಜನದ್ದಾಯಿತು. ಕಾಡಾನೆಯನ್ನು ಕಣ್ಣಾರೆ ಕಂಡ ಮಗುವಿನಲ್ಲಿ ಜೀವದಯೆ ಬೆಳೆಯುತ್ತದೆ ಎಂದು ತಂದೆ ಹೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ಪಠ್ಯಪುಸ್ತಕದ ಆನೆಯ ಮೇಲೆ ಯಾರಿಗೂ ಕರುಣೆ ಹುಟ್ಟದು.

ಹಾಗಾದರೆ ಮಳೆಗಾಲವೇ ಏಕೆ? ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿದಾಗ ಆನೆಗಳ ಹಿಂಡು ತಾನಾಗಿ ಅಲ್ಲಿಗೆ ಬರುತ್ತದೆ. ಮಳೆ ಬಿದ್ದರೆ ಎಲ್ಲೆಲ್ಲೂ ನೀರು, ಪ್ರಾಣಿಗಳು ಚದುರುತ್ತವೆ. ದರ್ಶನ ಕಡಮೆ, ಚಕ್ರದಡಿಯ ಜೀವಗಳು ಹೆಚ್ಚು. ಮುನಿಯು ಈರ್ಯಾಸಮಿತಿಯಿಂದ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವನು. ಜೀಪಿನಲ್ಲಿ ಕುಳಿತವರ ದೃಷ್ಟಿಯೆಲ್ಲ ದೂರದ ಪೊದೆಯಲ್ಲಿರಬಹುದಾದ ಹುಲಿಯ ಮೇಲೆ. ದೊಡ್ಡ ಜೀವಿಯನ್ನು ಅರಸುವ ಕಣ್ಣಿಗೆ ಸಣ್ಣ ಜೀವಿ ಕಾಣದು. ನನಗೆ ನಿಜವಾದ ಆಕ್ಷೇಪ ಇಲ್ಲಿದೆ.

ಆಫ್ರಿಕದ ಲೆಕ್ಕ ಬೇರೆ. ಕೀನ್ಯದ ಮಸಾಯಿ ಮಾರಾದಲ್ಲಿ ಜುಲೈಯಿಂದ ಅಕ್ಟೋಬರ್ ಬಹುಮಟ್ಟಿಗೆ ಒಣಕಾಲ. ದೊಡ್ಡ ಮಳೆ ಮಾರ್ಚಿಯಿಂದ ಮೇವರೆಗೆ, ಸಣ್ಣ ಮಳೆ ವರ್ಷದ ಕೊನೆಗೆ. ಆಗ ಕಪ್ಪುಮಣ್ಣು ಕೆಸರಾಗಿ, ದಾರಿ ಬಿಟ್ಟು ಸರಿದ ವಾಹನಗಳು ಹುಲ್ಲುಗಾವಲನ್ನು ಸೀಳುತ್ತವೆ. ನಿಯಮದ ಕಾರಣವನ್ನರಿತ ಶ್ರಾವಕನು ಅಲ್ಲಿ ಏಪ್ರಿಲನ್ನು ಬಿಡಬೇಕು, ಇಲ್ಲಿಯ ಪಂಚಾಂಗ ಏನೇ ಹೇಳಲಿ. (ಪರ್ಯುಷಣ, ದಶಲಕ್ಷಣಗಳ ಕಾಲದಲ್ಲಿ ಬಸದಿಯನ್ನು ಬಿಟ್ಟು ಹೋಗುವ ನಷ್ಟ ಬೇರೆ ಮಾತು.)

ಯಾತ್ರೆಗಳನ್ನು ಏರ್ಪಡಿಸುವ ಟ್ರಸ್ಟುಗಳು ಕಾಡಿನ ಪ್ರವಾಸವನ್ನು ಕಾರ್ತಿಕದ ನಂತರಕ್ಕೆ ಇಟ್ಟುಕೊಳ್ಳಬಹುದು. ಅದುವರೆಗೆ ಯಲಹಂಕದಲ್ಲಿಯೇ ಪುಟ್ಟೇನಹಳ್ಳಿ ಕೆರೆಯ ಪಕ್ಷಿ ಮೀಸಲಿದೆ. ಮಕ್ಕಳನ್ನು ದಡದಲ್ಲಿ ನಿಲ್ಲಿಸಿ ನೀರುಕಾಗೆ, ಬೆಳ್ಳಕ್ಕಿಗಳನ್ನು ತೋರಿಸಲು ವಾಹನವೇ ಬೇಡ.